ಮರಳಿ ಬಂದವನಿಗೆ ಕಲ್ಲಿಲ್ಲ

ಕನ್ನಡ ನಾಡಿನಲ್ಲಿ ವೀರಗಲ್ಲಿಲ್ಲದ ಸೀಮೆ ಅಪರೂಪ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ. ಮೇಲೆ ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅವನ ಮೂರ್ತಿ. ಶಿಲ್ಪಿಗೆ ಕಥೆಯೂ ಗೊತ್ತು, ಅದರ ಕೊನೆಯೂ ಗೊತ್ತು. ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯಿತ್ತು. ನೆತ್ತರುಗೊಡಗೆಯೆಂದು ಅದರ ಹೆಸರು. ಸತ್ತವನ ವಿಷಯದಲ್ಲಿ ನಮ್ಮ ಹಿರಿಯರ ಏರ್ಪಾಡು ಇಷ್ಟು ಅಚ್ಚುಕಟ್ಟಾದುದು. ಆದರೆ ಅದೇ ಕಾಳಗದಿಂದ ಜೀವಸಹಿತ ಊರಿಗೆ ಬಂದು, ಮತ್ತೆ ಎಷ್ಟೋ ವರ್ಷ ಬಾಳಿದವನು? ಅವನಿಗೆ ಬಿರುದು ಸಿಕ್ಕಿರಬಹುದು, ಉಂಬಳಿಯೂ ಸಿಕ್ಕಿರಬಹುದು. ಅವನ ರಾತ್ರಿಗಳು ಹೇಗೆ ಕಳೆದುವೆಂಬುದನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ.

ಸಮೀಪಕ್ಕೆ ಬರುವ ಒಂದು ಕಲ್ಲುಂಟು. ಮದ್ದೂರು ಕಡೆಯ ಆತಕೂರಿನದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಘೋರಯುದ್ಧ ನಡೆಯಿತು. ಕೃಷ್ಣನ ಪಕ್ಷದ ಗಂಗ ಬೂತುಗ ರಾಜಾದಿತ್ಯನನ್ನು ಕೊಂದ. ಮೆಚ್ಚಿಗೆಯಾಗಿ ಅವನಿಗೆ ದೊರೆತ ನಾಡುಗಳಲ್ಲಿ ಬನವಾಸಿ, ಬೆಳ್ವೊಲಗಳ ಜೊತೆಗೆ ಬಾಗೆನಾಡಿನ ಹೆಸರೂ ಇದೆ. ಅದು ನಮ್ಮ ಬಾಗಲಕೋಟೆಯ ಸೀಮೆ. ಬೂತುಗನ ಭಟ ಮಣಲೇರನೂ ಆ ರಣದಲ್ಲಿ ಪರಾಕ್ರಮ ತೋರಿದ. ಬೇಕಾದುದನ್ನು ಬೇಡೆಂದು ಒಡೆಯ ಹೇಳಿದಾಗ ಅವನು ಬೇಡಿದ್ದು ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವನು ಉಂಡರೆ ಪಾಪವೆಂದು ಬರೆಯಿಸಿದ. ಇದನ್ನು ಬೇಟೆಯ ಹವ್ಯಾಸವೆಂದು ತಳ್ಳಿಹಾಕುವವರುಂಟು. ಸಾವಿರಾರು ಹೆಣಗಳ ನಡುವಿನಿಂದ ಎದ್ದುಬಂದ ಮನುಷ್ಯ, ಒಂದು ಮೂಕಪ್ರಾಣಿಯ ಸಾವಿಗೆ ಇಷ್ಟು ಕಟ್ಟುನಿಟ್ಟಿನ ವ್ಯವಸ್ಥೆ ಮಾಡಿದ್ದು ನನಗೆ ಬರಿಯ ಹವ್ಯಾಸವೆಂದು ತೋರುವುದಿಲ್ಲ.

ಶಾಸನ ಬಿಟ್ಟುದನ್ನು ಕವಿ ತುಂಬಿದ. ತಕ್ಕೋಲದ ಕಾಳಗದ ವರ್ಷವೇ, 949ರಲ್ಲಿಯೇ, ನಮ್ಮ ಬನಹಟ್ಟಿಯ ನೆರೆಯ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದನೆಂದು ವಿದ್ವಾಂಸರು ಗಣಿಸಿದ್ದಾರೆ. ಅವನ ಗದಾಯುದ್ಧದ ದುರ್ಯೋಧನನನ್ನು ನಾವು ತರಗತಿಯಲ್ಲಿ ಛಲದಂಕಮಲ್ಲನೆಂದು ಪಾಠ ಹೇಳುತ್ತೇವೆ. ಕಣ್ಣಿಟ್ಟು ಓದಿದರೆ ಆತ ಉಳಿದುಹೋದವನು. ಸಂಜಯನೊಡನೆ ಹೆಣಗಳನ್ನು ಎಡವುತ್ತ ನಡೆಯುತ್ತಾನೆ. ದ್ರೋಣನ ಮುಂದೆ ನಿಲ್ಲುತ್ತಾನೆ, ಹಗೆಯ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ, ತನ್ನ ಮಗನಿಗಾಗಿ ಮರುಗುತ್ತಾನೆ. ದುಶ್ಶಾಸನನ ಹೆಣದ ಬಳಿ ಅವನ ಅಳಲು ಒಂದು ಲೆಕ್ಕಾಚಾರವಾಗಿ ಹೊರಬರುತ್ತದೆ: ತಾಯ ಹಾಲಿನಿಂದ ಮೊದಲ್ಗೊಂಡು ಎಲ್ಲದರಲ್ಲಿಯೂ ಅಣ್ಣ ಮೊದಲು, ತಮ್ಮ ಬಳಿಕ, ಸಾವಿನಲ್ಲಿ ಮಾತ್ರ ಕ್ರಮ ತಪ್ಪಿತು. ತಾನೇಕೆ ಉಳಿದೆ? ಇಂದಿನ ಮನೋವೈದ್ಯರು ರಣದಿಂದ ಬಂದವರ ಬಾಯಿಂದ ಕೇಳುವ ಪ್ರಶ್ನೆಯೂ ಇದೇ.

ವೈದ್ಯಶಾಸ್ತ್ರ ಈ ಬೇನೆಗೆ ಹೆಸರಿಡಲು ತಡಮಾಡಿತು. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯರು ‘ಶೆಲ್ ಶಾಕ್’ ಎಂಬ ಮಾತನ್ನು ವೈದ್ಯಪತ್ರಿಕೆಯಲ್ಲಿ ಬಳಸಿದರು. ಅಂದು ಅದನ್ನು ಹೇಡಿತನವೆಂದವರೂ ಇದ್ದರು. ಆಘಾತದ ನಂತರದ ಮನೋವ್ಯಥೆಯನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ.

ನಿವೃತ್ತಿಯ ಕಷ್ಟ ಇನ್ನೂ ಸೂಕ್ಷ್ಮವಾದುದು. ಅದಕ್ಕೆ ಯುದ್ಧವೇ ಆಗಬೇಕೆಂದಿಲ್ಲ. ಹದಿನೈದು ವರ್ಷ ಸೇವೆ ಮಾಡಿದ ಜವಾನನಿಗೆ ಪಿಂಚಣಿ ಸಿಗುತ್ತದೆ. ಆತ ಮನೆಗೆ ಬರುವಾಗ ನಲವತ್ತು ತುಂಬಿರುವುದಿಲ್ಲ. ಅಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಹೊತ್ತು ಗೊತ್ತಿತ್ತು. ಪಕ್ಕದಲ್ಲಿ ಪ್ರಾಣಕ್ಕೆ ಪ್ರಾಣ ಕೊಡುವ ಜೊತೆಗಾರರಿದ್ದರು. ಇಲ್ಲಿ ಬನಹಟ್ಟಿಯಂಥ ಮಗ್ಗದ ಊರಿನಲ್ಲಿ ಎಲ್ಲರಿಗೂ ಅವರವರ ನೂಲು, ಅವರವರ ಸಾಲ. ರಜೆಗೆ ಬಂದಾಗ ಹಿಗ್ಗುತ್ತಿದ್ದ ಮಕ್ಕಳಿಗೆ ಅಪ್ಪ ದಿನವೂ ಮನೆಯಲ್ಲಿರುವುದು ಹೊಸತು. ಬಹುಮಂದಿ ಹೊಲಕ್ಕೋ ಬ್ಯಾಂಕಿನ ಕಾವಲಿಗೋ ಒಗ್ಗಿಕೊಂಡು ನೆಮ್ಮದಿಯಾಗಿರುತ್ತಾರೆ, ಸುಳ್ಳಲ್ಲ. ಒಗ್ಗದವನನ್ನು ಕುರಿತು ಓಣಿಯ ತೀರ್ಪು ಒಂದೇ ಮಾತಿನದು: “ಮಿಲ್ಟ್ರಿ ಮನಷ್ಯಾ, ಸಿಟ್ಟ ಭಾಳ.” ಸಿಟ್ಟಿನ ಹಿಂದೆ ನಿದ್ದೆಯಿಲ್ಲದ ರಾತ್ರಿಗಳಿದ್ದರೆ ಅದು ಮನೆಯಾಕೆಗೆ ಮಾತ್ರ ಗೊತ್ತು, ಆಕೆ ಯಾರ ಮುಂದೂ ಆಡುವುದಿಲ್ಲ.

ಧಾರವಾಡದಲ್ಲಿ ಮನೋರೋಗದ ಆಸ್ಪತ್ರೆ 1845ರಷ್ಟು ಹಳೆಯದು. ಅದೀಗ ದೊಡ್ಡ ಸಂಸ್ಥೆ. ಆದರೆ ನಮ್ಮ ಜನರ ಬಾಯಲ್ಲಿ ಇನ್ನೂ ಹುಚ್ಚಾಸ್ಪತ್ರೆಯೇ. ಆ ಹೆಸರಿಗೆ ಹೆದರಿ ಬಸ್ಸು ಹತ್ತದವರೇ ಹೆಚ್ಚು. 2022ರಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ಹೊಸ್ತಿಲು ದಾಟಬೇಕಾಗಿಲ್ಲ.