ಕಡಲ ನಡುವಣ ತಂಗುದಾಣ: ಆಮೀನಿ ದ್ವೀಪಗಳು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ದಾರಿಯಲ್ಲಿ, ಮೊಳಕಾಲ್ಮೂರು ಸೀಮೆಯೊಳಗೆ, ಬಿ.ಜಿ. ಕೆರೆ ಎಂಬ ಊರುಂಟು. ಬೊಮ್ಮಗೊಂಡನಕೆರೆ ಎಂಬುದು ಅದರ ತುಂಬು ಹೆಸರು. ಮಳೆ ಅಪರೂಪವಾದ ನಾಡು. ಊರಿಗೆ ಹೆಸರಿಡುವಾಗಲೂ ಜನರು ನೀರನ್ನು ಮರೆಯಲಿಲ್ಲ. ಅಲ್ಲಿಂದ ಅತ್ಯಂತ ಸಮೀಪದ ಕಡಲಿಗೆ ಸುಮಾರು 150 ಮೈಲಿ. ಇಂತಹ ಊರಿಗೂ ಅರಬ್ಬೀ ಸಮುದ್ರದ ಹವಳದ ದ್ವೀಪಗಳಿಗೂ ಏನು ನಂಟೆಂದು ಶ್ರೋತೃಗಳು ಕೇಳಬಹುದು. 1787ರಿಂದ 1799ರವರೆಗೆ ಇವೆರಡಕ್ಕೂ ಒಬ್ಬನೇ ಅರಸನಿದ್ದನು. ಚಿತ್ರದುರ್ಗದ ಪಾಳೆಯಗಾರರ ನಾಡು 1779ರಲ್ಲಿ ಹೈದರಲಿಯ ಕೈಸೇರಿತು. ಆಮೀನಿ ಮೊದಲಾದ ಐದು ದ್ವೀಪಗಳು ಅವನ ಮಗ ಟಿಪ್ಪುಸುಲ್ತಾನನ ಕಾಲದಲ್ಲಿ ಮೈಸೂರಿಗೆ ಸೇರಿದುವು. ಮೊದಲನೆಯದು ಕತ್ತಿಯಿಂದಾದದ್ದು, ಎರಡನೆಯದು ಹಗ್ಗದಿಂದ.

ಆಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬುವೇ ಆ ಐದು ದ್ವೀಪಗಳು. ಮಂಗಳೂರಿನಿಂದ ಆಮೀನಿಗೆ 200 ಮೈಲಿಗೆ ಕೊಂಚ ಕಡಿಮೆ. ಹವಳದ ಹುಳುಗಳು ಕಡಲೊಳಗೆ ಉಂಗುರದಂತೆ ದಿಬ್ಬವನ್ನು ಕಟ್ಟುತ್ತವೆ. ಉಂಗುರದ ಹೊರಗೆ ಆಳವಾದ ಸಮುದ್ರ, ಒಳಗೆ ತಿಳಿಯಾದ ಶಾಂತ ಜಲ. ದಿಬ್ಬದ ಒಂದು ಅಂಚಿನಲ್ಲಿ ಮರಳು ಕೂಡಿ ಆದ ನೆಲವೇ ದ್ವೀಪ. ಈ ನೆಲ ಸಮುದ್ರದ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರ. ಆದುದರಿಂದ ದೂರದ ನಾವಿಕನಿಗೆ ಮೊದಲು ಕಾಣುವುದು ನೆಲವಲ್ಲ, ನೀರಿನಿಂದಲೇ ಎದ್ದಂತೆ ತೋರುವ ತೆಂಗಿನ ತಲೆಗಳು. ರಾತ್ರಿಯಲ್ಲಿ ಅದೂ ಕಾಣದು. ದಿಬ್ಬಕ್ಕೆ ಬಡಿದ ಹಡಗಿಗೆ ಉಳಿಗಾಲವಿಲ್ಲ. 15ನೆಯ ಶತಮಾನದ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದನು ತನ್ನ ಗ್ರಂಥಗಳಲ್ಲಿ ಈ ದ್ವೀಪಸಮೂಹವನ್ನು ಫಾಲ್ ಎಂಬ ಹೆಸರಿನಿಂದ ಗುರುತಿಸಿದ್ದಾನೆ. ದ್ವೀಪದ ಮಾಲ್ಮಿಗಳು, ಎಂದರೆ ಹಡಗು ನಡೆಸುವವರು, ನಕ್ಷತ್ರಗಳ ಎತ್ತರವನ್ನು ಅಳೆದು ದಾರಿ ಹಿಡಿಯುವ ಕ್ರಮವನ್ನು ರಹಮಾನಿ ಎಂಬ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಇಷ್ಟು ಅಪಾಯವಿದ್ದೂ ಹಡಗುಗಳು ಅಲ್ಲಿ ತಂಗುತ್ತಿದ್ದುದೇಕೆ? ಸಿಹಿನೀರಿಗಾಗಿ. ಸುತ್ತಲೂ ಉಪ್ಪುಕಡಲಿರುವ ಆ ಮರಳಿನಲ್ಲಿ ಕೆಲವು ಅಡಿ ಅಗೆದರೆ ಕುಡಿಯುವ ನೀರು ದೊರೆಯುವುದು. ಮಳೆಯ ನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೇಲಿ ನಿಲ್ಲುತ್ತದೆ. ಕಡಲಿನ ಉಬ್ಬರವಿಳಿತಗಳೊಡನೆ ಬಾವಿಯ ನೀರೂ ಏರಿಳಿಯುವುದು. ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ಬಯಲುಸೀಮೆಯವರಾದ ನಮಗೆ ಈ ಎಚ್ಚರದ ಅರ್ಥ ಬೇಗ ತಿಳಿಯುತ್ತದೆ.

ಬಂದವರೆಲ್ಲರೂ ನೀರು ಕುಡಿದು ಹೋಗುವ ಅತಿಥಿಗಳಾಗಿರಲಿಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಮ್ಮ ನೌಕೆಗಳಿಗೆ ಬೇಕಾದ ತೆಂಗಿನ ನಾರಿನ ಹುರಿಯನ್ನು ದೋಚತೊಡಗಿದಾಗ, ಆಮೀನಿಯ ಜನರು ಅವರಿಗೆ ವಿಷವಿಕ್ಕಿ ಕೊಂದರೆಂದು ಐತಿಹ್ಯ. ಆ ಹುರಿಯೇ ದ್ವೀಪದ ಸಂಪತ್ತು. ಕಾಯಿಯ ಸಿಪ್ಪೆಯನ್ನು ದಿಬ್ಬದೊಳಗಿನ ನೀರಿನ ಮರಳಿನಲ್ಲಿ ಹತ್ತು ಹನ್ನೆರಡು ತಿಂಗಳು ಹೂತು, ತೆಗೆದು ಬಡಿದು, ಹೆಂಗಸರು ಕೈಯಿಂದ ಹೊಸೆಯುತ್ತಿದ್ದರು. ಓಡಂ ಎಂಬ ಅವರ ಹಾಯಿಹಡಗಿನ ಹಲಗೆಗಳನ್ನು ಕಬ್ಬಿಣದ ಮೊಳೆಯಿಲ್ಲದೆ ಅದರಿಂದಲೇ ಹೊಲಿಯುತ್ತಿದ್ದರು. ದ್ವೀಪದಲ್ಲಿ ಭತ್ತ ಬೆಳೆಯದು. ಹುರಿಯನ್ನು ಕೊಟ್ಟೇ ಅಕ್ಕಿಯನ್ನು ತರಬೇಕು. 18ನೆಯ ಶತಮಾನದಲ್ಲಿ ದ್ವೀಪಗಳ ಒಡೆಯರಾಗಿದ್ದ ಕಣ್ಣನೂರಿನ ಅರಕ್ಕಲ್ ಮನೆತನದವರು ಹುರಿಯ ವ್ಯಾಪಾರವನ್ನು ತಮ್ಮೊಬ್ಬರದೇ ಮಾಡಿಕೊಂಡರು. ಹುರಿಯ ಬೆಲೆಯನ್ನೂ ಅಕ್ಕಿಯ ಬೆಲೆಯನ್ನೂ ಒಂದೇ ಕೈ ಕಟ್ಟುವಂತಾದಾಗ ಹೊಟ್ಟೆಯ ಗತಿ ಏನಾಗುವುದೆಂದು ವಿವರಿಸಬೇಕಾಗಿಲ್ಲ. 1787ರಲ್ಲಿ ಈ ಐದು ದ್ವೀಪಗಳವರು ಬೀಬಿಯ ಅಧಿಕಾರಿಗಳ ವಿರುದ್ಧ ದಂಗೆಯೆದ್ದು, ಮಂಗಳೂರು ಬಂದರನ್ನು ಆಳುತ್ತಿದ್ದ ಟಿಪ್ಪುವಿಗೆ ನಿಷ್ಠರಾದರು. ಸೈನ್ಯ ಹೋಗಿ ಗೆದ್ದ ರಾಜ್ಯಗಳ ಪಟ್ಟಿಯನ್ನು ನಮ್ಮ ಚರಿತ್ರೆಕಾರರು ತಪ್ಪದೆ ಬರೆದಿದ್ದಾರೆ. ತಾವಾಗಿ ಬಂದ ಈ ಸಣ್ಣ ಜನಕ್ಕೆ ಒಂದು ಸಾಲು ದೊರೆತರೆ ಹೆಚ್ಚು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕೆನರಾ ಸೀಮೆಯೊಡನೆ ದ್ವೀಪಗಳೂ ಕಂಪನಿಯ ಪಾಲಾದುವು. ಯಾವ ಏಕಸ್ವಾಮ್ಯದಿಂದ ಬೇಸತ್ತು ಅವರು ಒಡೆಯನನ್ನು ಬದಲಿಸಿದ್ದರೋ ಅದನ್ನು ಕಂಪನಿಯೂ ಬಿಡಲಿಲ್ಲ. ಆಮೀನಿಯಲ್ಲಿ ಮಣೆಗಾರನೆಂಬ ಅಧಿಕಾರಿ. ಮಂಗಳೂರಿನಲ್ಲಿ ಸರ್ಕಾರದ ತಕ್ಕಡಿ. ಮುಂಗಾರು ಕಳೆದೊಡನೆ ಓಡಂಗಳು ಹುರಿ ಹೊತ್ತು ಬರುವುವು, ಅಕ್ಕಿ ಹೊತ್ತು ಮರಳುವುವು. ಮಳೆಗಾಲದಲ್ಲಿ ಅವನ್ನು ದಡಕ್ಕೆಳೆದು ನಿಲ್ಲಿಸುವರು. ಆ ತಿಂಗಳುಗಳಲ್ಲಿ ಅಕ್ಕಿ ಮುಗಿದರೆ ಬೇರೆ ದಾರಿಯಿರಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿಯೇ ದ್ವೀಪಗಳು 1956ರವರೆಗೆ ಉಳಿದುವು. ಆ ವರ್ಷದ ನವೆಂಬರ್ 1ರಂದು ಮಂಗಳೂರು ಮೈಸೂರು ಸಂಸ್ಥಾನಕ್ಕೆ ಸೇರಿ, ಬಿ.ಜಿ. ಕೆರೆಯೂ ಆ ಬಂದರೂ ಮತ್ತೆ ಒಂದೇ ಆಡಳಿತದೊಳಗಾದುವು. ಅದೇ ದಿನ ಐದು ದ್ವೀಪಗಳು ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಒಳಪಟ್ಟುವು. ಆಮೇಲೂ ಅಕ್ಕಿಯ ಮೂಟೆ ಹೊತ್ತ ಹಡಗುಗಳು ಮಂಗಳೂರಿನ ಹಳೆಯ ಬಂದರಿನಿಂದ ಅಲ್ಲಿಗೆ ಹೋಗುತ್ತಲೇ ಬಂದುವು.