ಎಚ್‌ಡಿಎಲ್ ಹೊತ್ತ ಸರಕು: ಅಪೋಎಂ ಪ್ರೋಟೀನು ಮತ್ತು ರಕ್ತನಾಳದ ಸೋರಿಕೆ

ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಡಿಎಲ್ ಎದುರಿಗಿರುವ ಅಂಕಿ ಆ ಕಣಗಳಲ್ಲಿರುವ ಕೊಲೆಸ್ಟೆರಾಲ್ ಎಷ್ಟೆಂದು ಮಾತ್ರ ಹೇಳುತ್ತದೆ. ಕಣದ ಮೇಲೆ ಕುಳಿತ ಪ್ರೋಟೀನುಗಳ ಸುದ್ದಿ ಅದರಲ್ಲಿಲ್ಲ. ಧಮನಿರೋಗದ ಚರ್ಚೆ ದಶಕಗಳ ಕಾಲ ಈ ಅಂಕಿಗೇ ಜೋತುಬಿತ್ತು. ಟಾರ್ಸೆಟ್ರಾಪಿಬ್ ಎಂಬ ಔಷಧ ಅಂಕಿಯನ್ನು ಶೇ. 70ಕ್ಕೂ ಹೆಚ್ಚು ಏರಿಸಿತು. ಸಾವುಗಳೂ ಹೆಚ್ಚಾದವು, 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಔಷಧಕ್ಕೆ ರಕ್ತದೊತ್ತಡ ಏರಿಸುವ ದೋಷವೂ ಇತ್ತೆಂಬುದು ನಿಜ. ಆದರೂ ಎಣಿಸಬೇಕಾದದ್ದು ಕೊಲೆಸ್ಟೆರಾಲನ್ನಲ್ಲ, ಕಣ ಹೊತ್ತ ಸರಕನ್ನು ಎಂಬ ಅನುಮಾನ ಅಲ್ಲಿಂದ ಬಲವಾಯಿತು.

ಅಂಥ ಸರಕಿನಲ್ಲಿ ಅಪೋಎಂ ಒಂದು. 1999ರಲ್ಲಿ ಸ್ವೀಡನ್ನಿನ ಶೂ ಮತ್ತು ಡಾಲ್‌ಬ್ಯಾಕ್ ಇದನ್ನು ಗುರುತಿಸಿದರು. ಕೋಶದಿಂದ ಹೊರಬೀಳುವ ಪ್ರೋಟೀನುಗಳು ಸಾಮಾನ್ಯವಾಗಿ ತಮ್ಮ ತುದಿಯ ಸಂಕೇತ ತುಣುಕನ್ನು ಕಳಚಿಕೊಳ್ಳುತ್ತವೆ. ಅಪೋಎಂ ಕಳಚಿಕೊಳ್ಳದೆ, ಅದನ್ನೇ ಲಂಗರು ಮಾಡಿಕೊಂಡು ಕಣದ ಮೇದಸ್ಸಿನಲ್ಲಿ ನಾಟಿಕೊಳ್ಳುತ್ತದೆ. ನೂರು ಎಚ್‌ಡಿಎಲ್ ಕಣಗಳಲ್ಲಿ ಸುಮಾರು ಐದರಲ್ಲಿ ಮಾತ್ರ ಇದು ಸಿಗುತ್ತದೆ. ಇದರ ಒಡಲಿನ ಪೊಟರೆಯಲ್ಲಿ ಸ್ಫಿಂಗೋಸಿನ್-1-ಫಾಸ್ಫೇಟ್, ಅಂದರೆ ಎಸ್1ಪಿ, ಅಡಗಿರುತ್ತದೆ. ರಕ್ತದ ಉಳಿದ ಎಸ್1ಪಿಯನ್ನು ಹೆಚ್ಚಾಗಿ ಅಲ್ಬುಮಿನ್ ಹೊರುತ್ತದೆ.

2011ರಲ್ಲಿ ಕ್ರಿಸ್ಟೋಫರ್ಸನ್ ಮತ್ತು ಸಂಗಡಿಗರು ಅಪೋಎಂ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಅವುಗಳ ಎಚ್‌ಡಿಎಲ್‌ನಲ್ಲಿ ಎಸ್1ಪಿ ಇರಲಿಲ್ಲ. ಶ್ವಾಸಕೋಶದ ರಕ್ತನಾಳಗಳು ಸೋರುತ್ತಿದ್ದವು. ರಕ್ತನಾಳದ ಒಳಪೊರೆಯ ಕೋಶದ ಎಸ್1ಪಿ1 ಗ್ರಾಹಿಗೆ ಎಸ್1ಪಿ ಅಂಟಿದಾಗ ರ್‍ಯಾಕ್ ಎಂಬ ಪ್ರೋಟೀನು ಚುರುಕಾಗಿ, ಅಕ್ಕಪಕ್ಕದ ಕೋಶಗಳ ನಡುವಿನ ಕ್ಯಾಡ್‌ಹೆರಿನ್ ಬೆಸುಗೆ ಬಿಗಿಯಾಗುತ್ತದೆ. ಮನುಷ್ಯರಲ್ಲೂ ಇದರ ಸುಳಿವುಂಟು: ಬಹುಕಾಠಿಣ್ಯ ರೋಗಕ್ಕೆ ಕೊಡುವ ಫಿಂಗೋಲಿಮೋಡ್ ಇದೇ ಗ್ರಾಹಿಯನ್ನು ಕೋಶದ ಮೇಲ್ಮೈಯಿಂದ ಮರೆಯಾಗಿಸುತ್ತದೆ. ಕೆಲವರ ಅಕ್ಷಿಪಟಲದ ನಡುವೆ ನೀರು ತುಂಬುವುದು ಅದರ ಅಡ್ಡಪರಿಣಾಮ.

ಬೆಸುಗೆಯ ಈ ಬಿಗಿಯಿಂದ ಧಮನಿಗೆ ರಕ್ಷಣೆ ಸಿಗುತ್ತದೆಯೇ? ಕೊಲೆಸ್ಟೆರಾಲ್ ಹೊರುವ ಇನ್ನೊಂದು ಕಣವಾದ ಎಲ್‌ಡಿಎಲ್‌ನ ಗ್ರಾಹಿ ಇಲ್ಲದ ಇಲಿಗಳಲ್ಲಿ ಅಪೋಎಂ ಹೆಚ್ಚಿಸಿದಾಗ ಧಮನಿಯ ಕೊಬ್ಬುಗಂಟು ತಗ್ಗಿತೆಂದು ವೋಲ್ಫ್ರಮ್ ತಂಡ 2005ರಲ್ಲಿ ತೋರಿಸಿತ್ತು. ಆದರೆ ಲೋಮನಾಳದ ಸೋರಿಕೆ ಬೇರೆ, ಧಮನಿಯ ಗೋಡೆಗೆ ಎಲ್‌ಡಿಎಲ್ ನುಗ್ಗುವುದು ಬೇರೆ. ಎಲ್‌ಡಿಎಲ್ ಕಣ ಕೋಶಗಳ ಸಂದಿಗಾಗಿ ಕಾಯುವುದಿಲ್ಲ. ಎಸ್‌ಆರ್-ಬಿ1 ಗ್ರಾಹಿಯ ನೆರವಿನಿಂದ ಕೋಶದ ಒಳಗಿನಿಂದಲೇ ಹಾದು ಆಚೆ ಬೀಳುತ್ತದೆ. ಬೆಸುಗೆ ಬಿಗಿಯಾದ ಮಾತ್ರಕ್ಕೆ ಆ ದಾರಿ ಮುಚ್ಚದು. ಅಪೋಎಂ ಧಮನಿಯನ್ನು ಕಾಯುತ್ತದೆಂದರೆ, ಸೋರಿಕೆ ತಡೆದದ್ದೇ ಅದರ ಕಾರಣವೆಂದು ಇಂದಿನ ಪುರಾವೆಯಿಂದ ಹೇಳಲಾಗದು.