ಬೆಂಗಳೂರಿನ ಗಡಿ ವಿಸ್ತರಣೆ: ಊರುಗಳ ಸೇರ್ಪಡೆ, ಕಂದಾಯ ಮತ್ತು ನಾಗರಿಕ ಸೌಕರ್ಯ

ನಗರವೊಂದು ಸುತ್ತಲಿನ ಊರುಗಳನ್ನು ಕಾನೂನಿನ ಮೂಲಕ ತನ್ನ ಸ್ಥಳೀಯ ಆಡಳಿತಕ್ಕೆ ಸೇರಿಸಿಕೊಂಡದ್ದಕ್ಕೆ ಕರ್ನಾಟಕದ ಅತಿ ದೊಡ್ಡ ನಿದರ್ಶನ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದದ್ದು. ಅಲ್ಲಿಯವರೆಗೆ 100 ವಾರ್ಡುಗಳ, ಸುಮಾರು 226 ಚದರ ಕಿಲೋಮೀಟರಿನ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಒಮ್ಮೆಲೇ ಸೇರಿ, ಪಾಲಿಕೆಯ ವ್ಯಾಪ್ತಿ 700 ಚದರ ಕಿಲೋಮೀಟರ್ ಮೀರಿತು. ಈ ಸೇರ್ಪಡೆಯಿಂದ ನಿವಾಸಿಗಳ ಕಂದಾಯ, ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ, ಆಸ್ತಿಯ ದಾಖಲೆ ಎಲ್ಲವೂ ಬದಲಾದವು. ಆದರೆ ಒಂದೊಂದು ಬದಲಾದದ್ದು ಒಂದೊಂದು ಕಾಲಕ್ಕೆ. ಕಂದಾಯದ ಹೊಸ ಲೆಕ್ಕ ಎರಡನೇ ವರ್ಷಕ್ಕೇ ಬಂತು. ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ನೀರಿನ ಯೋಜನೆ ಹರಿಯಲು 17 ವರ್ಷ ಹಿಡಿಯಿತು. ಈ ವಿಸ್ತರಣೆಯ ಚರಿತ್ರೆ ಎಂದರೆ ಬಹುಪಾಲು ಈ ನಡುವಿನ ಕಾಲದ ಚರಿತ್ರೆಯೇ.

ಹಿನ್ನೆಲೆ

ಬೆಂಗಳೂರು ಮೊದಲಿನಿಂದಲೂ ಜೋಡಣೆಯಿಂದ ಬೆಳೆದ ಊರು. ಕೆಂಪೇಗೌಡರು ಕಟ್ಟಿದ ಪೇಟೆಯ ಪಕ್ಕದಲ್ಲಿ 1809ರಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಪ್ರತ್ಯೇಕ ಪುರಸಭಾ ಮಂಡಳಿಗಳಾದವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಹಿಡಿತದಲ್ಲೇ ಉಳಿಯಿತು. ಒಂದೇ ಊರಿನ ಎರಡು ಭಾಗಗಳಿಗೆ ಎರಡು ಆಡಳಿತ, ಎರಡು ಕಂದಾಯ ಎಂಬ ಸ್ಥಿತಿ ಸ್ವಾತಂತ್ರ್ಯದ ಹೊಸ್ತಿಲವರೆಗೂ ನಡೆದುಬಂತು. 1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ಹಿಂತಿರುಗಿತು. 1949ರ ಕಾಯ್ದೆಯಿಂದ ಎರಡೂ ಪುರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಹುಟ್ಟಿತು.

ಆಮೇಲಿನ ದಶಕಗಳಲ್ಲಿ ಸೌಕರ್ಯಗಳು ಪಾಲಿಕೆಯ ಕೈಗೆ ಸಿಗದೆ ಒಂದೊಂದಾಗಿ ಬೇರೆ ಸಂಸ್ಥೆಗಳ ಪಾಲಾದವು. ಕುಡಿಯುವ ನೀರು ಮತ್ತು ಒಳಚರಂಡಿಗೆ 1964ರಲ್ಲಿ ಜಲಮಂಡಳಿ, ಬಡಾವಣೆ ಮತ್ತು ನಗರ ಯೋಜನೆಗೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಸ್ಸಿಗೆ 1997ರಲ್ಲಿ ಬಿಎಂಟಿಸಿ, ವಿದ್ಯುತ್ತಿಗೆ 2002ರಲ್ಲಿ ಬೆಸ್ಕಾಂ. ಇವೆಲ್ಲ ರಾಜ್ಯ ಸರ್ಕಾರದ ಅಧೀನ ಸಂಸ್ಥೆಗಳು. 2007ರ ನಂತರ ಜನ ಪಟ್ಟ ಪಾಡು ಅರ್ಥವಾಗಬೇಕಾದರೆ ಈ ಅಂಶ ನೆನಪಿನಲ್ಲಿರಬೇಕು. ಪಾಲಿಕೆಗೆ ಸೇರಿದವರಿಗೆ ಪಾಲಿಕೆ ಕೊಡಬಲ್ಲದ್ದು ರಸ್ತೆ, ಬೀದಿದೀಪ, ಮಳೆನೀರು ಕಾಲುವೆ, ಕಸ ಎತ್ತುವುದು, ಕಟ್ಟಡದ ನಕ್ಷೆಗೆ ಮಂಜೂರಾತಿ ಇಂಥವು ಮಾತ್ರ. ಜನ ಎಲ್ಲಕ್ಕಿಂತ ಹೆಚ್ಚು ಎದುರುನೋಡಿದ ನಲ್ಲಿ ನೀರು ಅದರ ಕೈಯಲ್ಲಿರಲೇ ಇಲ್ಲ.

ಸಾಫ್ಟ್‌ವೇರ್ ಉದ್ಯಮ ಬೆಳೆದ ವೇಗಕ್ಕೆ ಹಳೆಯ ಗಡಿ ಸಾಲದಾಯಿತು. ಕಚೇರಿಗಳೂ ವಸತಿ ಸಮುಚ್ಚಯಗಳೂ ಎದ್ದದ್ದು ಬಹುತೇಕ ಪಾಲಿಕೆಯ ಆಚೆ. ವೈಟ್‌ಫೀಲ್ಡ್ ಮಹದೇವಪುರ ನಗರಸಭೆಗೂ ಪೀಣ್ಯ ಕೈಗಾರಿಕಾ ಪ್ರದೇಶ ದಾಸರಹಳ್ಳಿ ನಗರಸಭೆಗೂ ಸೇರಿದ್ದವು. ಬೆಳ್ಳಂದೂರು, ವರ್ತೂರು, ಬೇಗೂರು, ಹೊರಮಾವುಗಳಲ್ಲಿ ಇನ್ನೂ ಗ್ರಾಮ ಪಂಚಾಯಿತಿ ಆಡಳಿತವಿತ್ತು. ಐದು ಸಾವಿರ ಜನರ ಊರಿಗೆಂದು ಇದ್ದ ಪಂಚಾಯಿತಿ ಹತ್ತಾರು ಅಂತಸ್ತಿನ ಕಟ್ಟಡಗಳ ಚರಂಡಿಗೆ ಹೊಣೆಯಾಗಬೇಕಿತ್ತು. ಹಾಗೆಂದು ಎಲ್ಲ ಪಂಚಾಯಿತಿಗಳೂ ಕೈಚೆಲ್ಲಿ ಕೂತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲೇ ತೆರಿಗೆ ಮತ್ತು ಆಸ್ತಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಬೆಳ್ಳಂದೂರು ಪಂಚಾಯಿತಿಯ ಹೆಸರು ದೇಶದಲ್ಲೆಲ್ಲ ಕೇಳಿಬಂದಿತ್ತು. ತನ್ನ ಎಲ್ಲೆಯೊಳಗೆ ಬಂದ ಕಂಪನಿಗಳಿಂದ ತೆರಿಗೆ ಎತ್ತಿ, ಊರಿನ ಕೆಲಸ ಮಾಡಿ ತೋರಿಸಿದ್ದ ಪಂಚಾಯಿತಿ ಅದು. 2007ರಲ್ಲಿ ಅದೂ ಇಲ್ಲವಾಯಿತು. ಸೇರ್ಪಡೆಯ ಲಾಭನಷ್ಟ ತೂಗುವವರು ಬೆಳ್ಳಂದೂರನ್ನು ಮರೆಯಬಾರದು.

2007ರ ಸೇರ್ಪಡೆ

ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ 243ಕ್ಯೂ ವಿಧಿಯ ಪ್ರಕಾರ ಯಾವ ಪ್ರದೇಶ ದೊಡ್ಡ ನಗರ ಪ್ರದೇಶ ಎಂಬುದನ್ನು ರಾಜ್ಯಪಾಲರ ಹೆಸರಿನಲ್ಲಿ ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ಮೊದಲು ಕರಡು ಅಧಿಸೂಚನೆ, ಆಕ್ಷೇಪಣೆಗೆ ಅವಕಾಶ, ಆನಂತರ ಅಂತಿಮ ಅಧಿಸೂಚನೆ. ಸೇರಬೇಕೋ ಬೇಡವೋ ಎಂದು ಊರಿನವರ ಮತ ಕೇಳುವ ಪದ್ಧತಿ ಇಲ್ಲ. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಜನವರಿಯಲ್ಲಿ ಅಂತಿಮ ಅಧಿಸೂಚನೆ ಹೊರಬಿತ್ತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿ ನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ ಮತ್ತು ಮಹದೇವಪುರ ನಗರಸಭೆಗಳು, ಕೆಂಗೇರಿ ಪುರಸಭೆ, 110 ಹಳ್ಳಿಗಳು ಪಾಲಿಕೆಯೊಳಗಾದವು.

ಮೊದಲ ಪೆಟ್ಟು ಬಿದ್ದದ್ದು ಪ್ರಾತಿನಿಧ್ಯಕ್ಕೆ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ 400 ಜನರಿಗೆ ಒಬ್ಬ ಸದಸ್ಯ. ಬಿಬಿಎಂಪಿಯ 198 ವಾರ್ಡುಗಳಲ್ಲಿ 2011ರ ಜನಗಣತಿಯ 84 ಲಕ್ಷ ಜನಸಂಖ್ಯೆಯನ್ನು ಹಂಚಿದರೆ ಒಬ್ಬ ಕಾರ್ಪೊರೇಟರ್ ಪಾಲಿಗೆ ಬರುವುದು ಸರಾಸರಿ 42,000ಕ್ಕೂ ಹೆಚ್ಚು ಜನ. ಆ ಕಾರ್ಪೊರೇಟರ್ ಕೂಡ ತಕ್ಷಣ ಸಿಗಲಿಲ್ಲ. ಹಳೆಯ ಪಾಲಿಕೆಯ ಅವಧಿ 2006ರ ನವೆಂಬರಿನಲ್ಲೇ ಮುಗಿದಿತ್ತು, ಬಿಬಿಎಂಪಿಯ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ಪಂಚಾಯಿತಿ ಹೋಗಿ ವಾರ್ಡು ಬರುವುದರೊಳಗೆ ಮೂರು ವರ್ಷ ಆಡಳಿತಾಧಿಕಾರಿಗಳೇ ಎಲ್ಲ. ಗ್ರಾಮಸಭೆಯಲ್ಲಿ ನಿಂತು ನೀರು ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದವರು ಯಾರನ್ನು ಕೇಳಬೇಕೆಂದೇ ತಿಳಿಯದಾದರು. ಕಂದಾಯ ಬದಲಾದದ್ದು ಇದೇ ಮೂರು ವರ್ಷಗಳಲ್ಲಿ ಎಂಬುದನ್ನು ಗಮನಿಸಬೇಕು. ತೆರಿಗೆ ಹೇರುವ ಹೊತ್ತಿನಲ್ಲಿ ತೆರಿಗೆದಾರರ ಪರ ಮಾತಾಡಲು ಚುನಾಯಿತರೇ ಇರಲಿಲ್ಲ. ಇದು ಈ ಸೇರ್ಪಡೆಯ ದೊಡ್ಡ ಅನ್ಯಾಯ.

ಕಂದಾಯ

ಸೇರ್ಪಡೆಗೆ ಮುಂಚೆ ಹಳ್ಳಿಯವರು ಪಂಚಾಯಿತಿಗೆ ಮನೆಗಂದಾಯ ಕಟ್ಟುತ್ತಿದ್ದರು, ನಗರಸಭೆಗಳಲ್ಲಿ ಬೇರೆ ಲೆಕ್ಕ, ಹಳೆಯ ಪಾಲಿಕೆಯಲ್ಲಿ ಮತ್ತೊಂದು ಲೆಕ್ಕ. ಇವೆಲ್ಲವನ್ನೂ ಒಂದು ಮಾಡಲು 2008-09ನೇ ಸಾಲಿನಿಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ ಜಾರಿಯಾಯಿತು. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ನೋಡಿ ಇಡೀ ನಗರವನ್ನು ಎ ಯಿಂದ ಎಫ್‌ವರೆಗೆ ಆರು ವಲಯ ಮಾಡಲಾಯಿತು. ಪ್ರತಿ ವಲಯಕ್ಕೂ ಚದರಡಿಗೆ ತಿಂಗಳಿಗೆ ಇಷ್ಟು ಎಂಬ ದರವಿರುತ್ತದೆ. ಅದನ್ನು ಮನೆಯ ವಿಸ್ತೀರ್ಣದಿಂದಲೂ ಹತ್ತು ತಿಂಗಳಿಂದಲೂ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದರೆ ವಾರ್ಷಿಕ ಮೌಲ್ಯ. ವಾಸದ ಮನೆಗೆ ಅದರ ಶೇ 20, ವಾಣಿಜ್ಯ ಕಟ್ಟಡಕ್ಕೆ ಶೇ 25 ತೆರಿಗೆ. ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯ ಮತ್ತು ಭಿಕ್ಷುಕರ ಪುನರ್ವಸತಿಯ ಉಪಕರಗಳು ಸೇರಿ ಶೇ 24. ದರ ಚದರಡಿಗೆ ಒಂದು ರೂಪಾಯಿ ಎಂದಿಟ್ಟುಕೊಂಡರೆ 1,000 ಚದರಡಿಯ ಹೊಸ ಮನೆಯ ವಾರ್ಷಿಕ ಮೌಲ್ಯ 10,000 ರೂಪಾಯಿ, ತೆರಿಗೆ 2,000, ಉಪಕರ 480, ಒಟ್ಟು 2,480. ಸ್ವಂತ ವಾಸದ ಮನೆಗೆ ದರ ಕಡಿಮೆ, ಬಾಡಿಗೆಗೆ ಕೊಟ್ಟರೆ ಹೆಚ್ಚು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ.

ಈ ಪದ್ಧತಿ ಎಲ್ಲರಿಗೂ ಒಂದೇ ತೂಕದ ಹೊರೆಯಾಗಲಿಲ್ಲ. ಹೊರವಲಯದ ಬಹಳಷ್ಟು ಊರುಗಳು ಕೆಳದರದ ವಲಯಗಳಲ್ಲೇ ಬಂದವು, ಆ ಮಟ್ಟಿಗೆ ನ್ಯಾಯವಿತ್ತು. ಆದರೆ ವಲಯ ಗೊತ್ತಾಗುವುದು ಜಮೀನಿನ ಬೆಲೆಯಿಂದ, ಅಲ್ಲಿ ಸಿಗುವ ಸೌಕರ್ಯದಿಂದಲ್ಲ. ಐಟಿ ಕಚೇರಿ ಬಂದು ನೆಲದ ಬೆಲೆ ಏರಿದ ಕಡೆ ಚರಂಡಿ ಇಲ್ಲದಿದ್ದರೂ ದರ ಏರುತ್ತದೆ. ಬಿಬಿಎಂಪಿಯ ಎಂಟು ಆಡಳಿತ ವಲಯಗಳ ಪೈಕಿ ಆಸ್ತಿ ತೆರಿಗೆ ಸಂಗ್ರಹದಲ್ಲಿ ವರ್ಷವರ್ಷವೂ ಮುಂದಿದ್ದದ್ದು ಮಹದೇವಪುರ. ಟ್ಯಾಂಕರ್ ನೀರನ್ನೇ ನಂಬಿಕೊಂಡ, ಮಳೆ ಬಂದರೆ ಮುಳುಗುವ ಬಡಾವಣೆಗಳೂ ಅಲ್ಲೇ ಹೆಚ್ಚು. ತೆರಿಗೆ ಕಟ್ಟಿದ ಮೇಲೂ ಅಪಾರ್ಟ್‌ಮೆಂಟಿನವರು ನೀರಿಗೆ, ಕೊಳಚೆ ಶುದ್ಧೀಕರಣ ಘಟಕಕ್ಕೆ, ಹಲವು ಕಡೆ ಕಸಕ್ಕೂ ಬೇರೆ ದುಡ್ಡು ಕೊಡಬೇಕಾಯಿತು. ಮೂಲ ಹಳ್ಳಿಗರ ಸಂಕಟ ಇನ್ನೊಂದು ಬಗೆಯದು. ಗ್ರಾಮಠಾಣಾದ ಹಳೆಯ ಮನೆಯ ಮುಂದೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟವರು ಬಾಡಿಗೆ ದರದ ತೆರಿಗೆಗೆ ಒಳಪಟ್ಟರು. ಉದ್ಯೋಗ ಖಾತರಿ ಯೋಜನೆ ಗ್ರಾಮೀಣ ಪ್ರದೇಶಕ್ಕೆ ಮಾತ್ರವಾದ್ದರಿಂದ ಅದರ ಕೂಲಿಯೂ ಈ ಊರುಗಳಿಗೆ ಸಿಗಲಿಲ್ಲ. ಹೊರೆ ಇಳಿದದ್ದೂ ಒಂದಿದೆ. ಆಸ್ತಿ ನೋಂದಣಿಯಲ್ಲಿ ಮುದ್ರಾಂಕ ಶುಲ್ಕದ ಮೇಲಿನ ಹೆಚ್ಚುವರಿ ಶುಲ್ಕ ಗ್ರಾಮೀಣ ಪ್ರದೇಶದಲ್ಲಿ ಶೇ 3, ನಗರದಲ್ಲಿ ಶೇ 2.

ಖಾತೆ

ಸೇರ್ಪಡೆ ಜನರನ್ನು ಅತಿ ಹೆಚ್ಚು ಅಲೆದಾಡಿಸಿದ್ದು ತೆರಿಗೆಗಲ್ಲ, ಖಾತೆಗೆ. ಹಳ್ಳಿಗಳಲ್ಲಿ ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳು ಸಾಲುಸಾಲಾಗಿದ್ದವು. ನಗರದೊಳಗೆ ಸೈಟು ಕೊಳ್ಳಲು ಕೈಲಾಗದ ಕೆಳಮಧ್ಯಮ ವರ್ಗದವರು ಪಂಚಾಯಿತಿ ಖಾತೆ ನಂಬಿ ಕೊಂಡು ಮನೆ ಕಟ್ಟಿದ್ದರು. ಪಾಲಿಕೆ ಇವನ್ನು ಸಕ್ರಮವೆಂದು ಒಪ್ಪಲಿಲ್ಲ, ತೆರಿಗೆಯನ್ನೂ ಬಿಡಲಿಲ್ಲ. ಇಂಥ ಆಸ್ತಿಗಳನ್ನು ಬೇರೆ ವಹಿಯಲ್ಲಿ ಬರೆದಿಟ್ಟಿತು. ಅದೇ ಜನರ ಬಾಯಲ್ಲಿ ಬಿ ಖಾತಾ ಆಯಿತು. ಬಿ ಖಾತಾದವರು ಸಕ್ರಮ ಆಸ್ತಿಯ ಎ ಖಾತಾದವರಷ್ಟೇ ಕಂದಾಯ ಕಟ್ಟುತ್ತಾರೆ, ಆದರೆ ಅವರಿಗೆ ನಕ್ಷೆ ಮಂಜೂರಾತಿ ಸಿಗುವುದಿಲ್ಲ, ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಭೂಪರಿವರ್ತನೆಯಾದ ಜಾಗದವರು ಪಾಲಿಕೆಗೆ ಬೆಟರ್‌ಮೆಂಟ್ ಶುಲ್ಕ ಕಟ್ಟಿ ಎ ಖಾತಾ ಪಡೆಯಬಹುದಿತ್ತು. ಮುಂದೆ ಆಗಲಿರುವ ಸುಧಾರಣೆಗೆಂದು ಮುಂಚೆಯೇ ಪಡೆಯುವ ಹಣ ಅದು.

ಇಂಥ ಆಸ್ತಿಗಳನ್ನು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಯ ಆಸೆ ವರ್ಷಗಟ್ಟಲೆ ಜೀವ ಹಿಡಿದಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2025ರ ಕೊನೆಯಲ್ಲಿ ಮಾರ್ಗಸೂಚಿ ದರದ ಶೇ 5ರಷ್ಟು ಕಟ್ಟಿ ಬಿ ಖಾತಾ ನಿವೇಶನವನ್ನು ಎ ಖಾತಾಕ್ಕೆ ಬದಲಿಸಿಕೊಳ್ಳುವ ಅವಕಾಶವನ್ನು ಸರ್ಕಾರ ತೆರೆಯಿತು. ಪಂಚಾಯಿತಿ ಖಾತೆ ನಂಬಿ ಮನೆ ಕಟ್ಟಿದವರಿಗೆ ಅಷ್ಟರಲ್ಲಿ ಮೊಮ್ಮಕ್ಕಳಾಗಿದ್ದರು.

ನೀರು ಮತ್ತು ಒಳಚರಂಡಿ

ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನು ಎತ್ತರಕ್ಕೆ ಪಂಪು ಮಾಡಿ ತರುವ ಊರು ಬೆಂಗಳೂರು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು, 2012ಕ್ಕೆ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿಯಿತು. ಎಲ್ಲ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್. ಏಳು ನಗರಸಭೆ ಮತ್ತು ಕೆಂಗೇರಿಯವರ ಮನೆಗೆ ಕೊಳವೆ ಹಾಕಲು ಸೇರ್ಪಡೆಗೆ ಮೊದಲೇ ಒಂದು ಯೋಜನೆ ಹೊರಟಿತ್ತು. ನಿವೇಶನದ ಅಳತೆ ನೋಡಿ ನಿವಾಸಿಗಳಿಂದಲೇ ಮುಂಗಡ ವಂತಿಗೆ ಎತ್ತಲಾಯಿತು. ಹಣ ಕಟ್ಟಿದ ಹಲವರ ಮನೆಮುಂದೆ ವರ್ಷಾನುಗಟ್ಟಲೆ ಒಣ ಕೊಳವೆ ಮಾತ್ರ ಇತ್ತು, ಏಕೆಂದರೆ ಕೊಳವೆ ತುಂಬಿಸಲು ನದಿಯಿಂದ ಹೆಚ್ಚು ನೀರು ತರುವ ಕೆಲಸ ಇನ್ನೂ ಮುಗಿದಿರಲಿಲ್ಲ.

110 ಹಳ್ಳಿಗಳ ಪಾಡು ಅದಕ್ಕಿಂತಲೂ ಕೆಟ್ಟದಾಗಿತ್ತು. ಪಂಚಾಯಿತಿ ಕೊರೆಸಿದ ಕೊಳವೆಬಾವಿ, ವಾಲ್ವು ತಿರುಗಿಸಿ ಬೀದಿಗಿಷ್ಟು ಹೊತ್ತು ನೀರು ಬಿಡುವ ನೀರುಗಂಟಿ, ಉಳಿದಂತೆ ಖಾಸಗಿ ಟ್ಯಾಂಕರ್. 2023ರ ಮಳೆ ಕೈಕೊಟ್ಟ ಮೇಲೆ 2024ರ ಬೇಸಿಗೆಯಲ್ಲಿ ಈ ವ್ಯವಸ್ಥೆ ಕುಸಿಯಿತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಹಳೆಯ ಬಡಾವಣೆಗಳ ನಲ್ಲಿಗಳಲ್ಲಿ ಕಾವೇರಿ ಬರುತ್ತಲೇ ಇತ್ತು, ಬಾಯಾರಿದ್ದು ಮುಖ್ಯವಾಗಿ ಹೊರವಲಯ. ಹದಿನೇಳು ವರ್ಷಗಳಿಂದ ಒಂದೇ ಪಾಲಿಕೆಯಲ್ಲಿದ್ದರೂ ಹಳೆಯ ಗಡಿ ಎಲ್ಲಿತ್ತು ಎಂಬುದು ಆ ಬೇಸಿಗೆಯಲ್ಲಿ ಎಲ್ಲರಿಗೂ ಕಂಡಿತು.

ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಕೈಗೊಂಡ ಕಾವೇರಿ ಐದನೇ ಹಂತವನ್ನು 2024ರ ಅಕ್ಟೋಬರ್ 16ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತೊರೆಕಾಡನಹಳ್ಳಿಯಲ್ಲಿ ಉದ್ಘಾಟಿಸಿದರು. ದಿನಕ್ಕೆ 77.5 ಕೋಟಿ ಲೀಟರಿನ ಈ ಯೋಜನೆಯ ಮುಖ್ಯ ಫಲಾನುಭವಿಗಳು 110 ಹಳ್ಳಿಗಳೇ. ಅದರೊಂದಿಗೆ ಒಳಚರಂಡಿಯ ಕೆಲಸವೂ ನಡೆಯಿತು, ಆ ಕೊಳವೆಗಳಿಗಾಗಿ ಅಗೆದ ರಸ್ತೆಗಳ ದೂಳನ್ನು ಊರವರು ವರ್ಷಗಟ್ಟಲೆ ಕುಡಿದರು. ನೀರು ಬಂದ ಮೇಲೂ ಸಂಪರ್ಕ ತಾನಾಗಿ ಸಿಗುವುದಿಲ್ಲ. ಜಲಮಂಡಳಿಗೆ ಅರ್ಜಿ ಹಾಕಿ, ಕಟ್ಟಡದ ವಿಸ್ತೀರ್ಣಕ್ಕೆ ತಕ್ಕ ಪ್ರೊರೇಟಾ ಮೊದಲಾದ ಶುಲ್ಕ ಕಟ್ಟಬೇಕು. ದೊಡ್ಡ ಸಮುಚ್ಚಯಗಳಿಗೆ ಇದು ದೊಡ್ಡ ಮೊತ್ತವೇ.

ಕಸ

ನಗರ ದೊಡ್ಡದಾದಷ್ಟೂ ಅದರ ಕಸ ಹೊಸ ಗಡಿಯ ಆಚೆಗೆ ಹೋಯಿತು. ಪಾಲಿಕೆಯ ಹೊರಗಿನ ಮಾವಳ್ಳಿಪುರ ಮತ್ತು ಮಂಡೂರು ಬೆಂಗಳೂರಿನ ಕಸದ ಗುಡ್ಡಗಳನ್ನು ಹೊತ್ತವು. ಈ ಊರುಗಳ ಜನರಿಗೆ ನಗರದ ಯಾವ ಸೌಕರ್ಯವೂ ಇರಲಿಲ್ಲ, ನಗರದ ನೊಣ ಮತ್ತು ನಾತ ಮಾತ್ರ ಇತ್ತು. ಮಾವಳ್ಳಿಪುರ 2012ರಲ್ಲಿ ಮುಚ್ಚಿತು. ಮಂಡೂರಿನವರು ರಸ್ತೆಗಿಳಿದು ಹೋರಾಡಿ 2014ರ ಕೊನೆಗೆ ಕಸದ ಲಾರಿಗಳನ್ನು ನಿಲ್ಲಿಸಿದರು. ನಗರದಲ್ಲಿ ಹಸಿಕಸ, ಒಣಕಸ ಬೇರ್ಪಡಿಸುವ ಮಾತು ಬಿರುಸಾದದ್ದು ಈ ಹೋರಾಟಗಳ ಕಾಲದಲ್ಲೇ. ಬೆಂಗಳೂರು ಅವರಿಗೆ ಋಣಿಯಾಗಿದೆ.

ವಿಭಜನೆ

ಒಂದೇ ಪಾಲಿಕೆಗೆ ಇಷ್ಟು ದೊಡ್ಡ ಊರು ಭಾರವೆಂಬ ಮಾತು ಬೇಗನೆ ಎದ್ದಿತು. ಬಿ.ಎಸ್. ಪಾಟೀಲ್ ನೇತೃತ್ವದ ಸಮಿತಿ ಹಲವು ಪಾಲಿಕೆಗಳಾಗಿ ಒಡೆಯಲು ಶಿಫಾರಸು ಮಾಡಿತು. ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಮತ್ತೆ ಆಡಳಿತಾಧಿಕಾರಿಗಳ ಕಾಲ ಬಂತು. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ, ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. 

ಐದು ಪಾಲಿಕೆಗಳಾದ ಮೇಲೂ ನೀರು ಜಲಮಂಡಳಿಯದೇ, ವಿದ್ಯುತ್ತು ಬೆಸ್ಕಾಂನದೇ, ಬಸ್ಸು ಬಿಎಂಟಿಸಿಯದೇ. ಮಹದೇವಪುರ, ಕೃಷ್ಣರಾಜಪುರದ ಕಡೆಯ ತೆರಿಗೆ ಈಗ ಪೂರ್ವ ಪಾಲಿಕೆಯ ಬೊಕ್ಕಸಕ್ಕೆ ಸೇರುತ್ತದೆ. ಅಂಥ ದೊಡ್ಡ ವರಮಾನವಿಲ್ಲದ ಪಾಲಿಕೆಗಳು ಸರ್ಕಾರದ ಅನುದಾನವನ್ನು ಹೆಚ್ಚು ನೆಚ್ಚಬೇಕಾಗುತ್ತದೆ. ಇನ್ನೂ ಹೊರಗಿರುವ ಪ್ರದೇಶಗಳನ್ನು ಮುಂದೆ ಸೇರಿಸಿಕೊಳ್ಳಲು ಹೊಸ ಕಾಯ್ದೆಯಲ್ಲಿ ಅವಕಾಶವಿದೆ. ಆ ಊರುಗಳಲ್ಲಿ ಈಗಾಗಲೇ ಅಪಾರ್ಟ್‌ಮೆಂಟುಗಳು ಎದ್ದಿವೆ. ಅವುಗಳ ಕಂದಾಯ ಪಂಚಾಯಿತಿಗೆ ಹೋಗುತ್ತಿದೆ, ನೀರು ಕೊಳವೆಬಾವಿಯಿಂದ ಬರುತ್ತಿದೆ.